ವಿದೇಶದಲ್ಲಿ ಹೊಸದಾಗಿ ಬಣ್ಣ ಹಚ್ಚುವ ಮುನ್ನ

ಪ್ರಶ್ನೆ: ಹನ್ನೊಂದು ವರ್ಷದಿಂದ ಕನ್ನಡ ಧಾರಾವಾಹಿಗಳಲ್ಲಿದ್ದೇನೆ, ಎರಡರಲ್ಲಿ ನಾಯಕಿ. ಈಗ ಬರುವುದೆಲ್ಲ ಅತ್ತಿಗೆ, ಅಮ್ಮನ ಪಾತ್ರಗಳೇ. ಲಾಸ್ ಏಂಜಲೀಸ್‌ನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುವ ಆಸೆ. ಟೂರಿಸ್ಟ್ ವೀಸಾದಲ್ಲಿ ಹೋಗಿ, ಅವಕಾಶ ಸಿಕ್ಕ ಮೇಲೆ ಬದಲಾಯಿಸಿಕೊಳ್ಳಬಹುದೇ? (ಓದುಗರು, ಬೆಂಗಳೂರು)

ಆ ದಾರಿ ಬೇಡ. ಟೂರಿಸ್ಟ್ ವೀಸಾದಲ್ಲಿ ಕ್ಯಾಮೆರಾ ಮುಂದೆ ದುಡಿಯುವಂತಿಲ್ಲ. ಸಿಕ್ಕಿಬಿದ್ದರೆ ಮುಂದಿನ ಅರ್ಜಿಗಳಿಗೂ ಅದೇ ಅಡ್ಡ ಬರುತ್ತದೆ. ನಿಮಗೆ ಹೊಂದುವುದು ಹೆಸರು ಮಾಡಿದ ಕಲಾವಿದರಿಗೆ ಅಮೆರಿಕ ಕೊಡುವ ಓ-1ಬಿ ವೀಸಾ, ಮೊದಲ ಸಲ ಗರಿಷ್ಠ 3 ವರ್ಷ. ಇದಕ್ಕೆ ನೀವೇ ಅರ್ಜಿ ಹಾಕಲು ಬರುವುದಿಲ್ಲ. ಅಮೆರಿಕದ ನಿರ್ಮಾಪಕರೋ ಏಜೆಂಟರೋ ಐ-129 ಫಾರ್ಮ್ ಸಲ್ಲಿಸಬೇಕು. ಅಲ್ಲಿ ಮಾಡಲಿರುವ ಕೆಲಸದ ಒಪ್ಪಂದ, ವೇಳಾಪಟ್ಟಿ ಜೊತೆಗಿರಬೇಕು. ಸಿನಿಮಾ, ಟಿವಿ ಕೆಲಸವಾದರೆ ಕಲಾವಿದರ ಸಂಘ ಮತ್ತು ನಿರ್ಮಾಪಕರ ಸಂಸ್ಥೆ ಎರಡರ ಅಭಿಪ್ರಾಯ ಪತ್ರವೂ ಬೇಕು.

ನಿಜವಾದ ಕೆಲಸ ಇರುವುದು ಬೆಂಗಳೂರಿನಲ್ಲೇ. ದೊಡ್ಡ ಪ್ರಶಸ್ತಿ ಇಲ್ಲದವರು ನಿಯಮ ಹೇಳುವ 6 ಬಗೆಯ ಪುರಾವೆಗಳಲ್ಲಿ ಕನಿಷ್ಠ 3 ತೋರಿಸಬೇಕು. ಹೆಸರುವಾಸಿ ಧಾರಾವಾಹಿಯಲ್ಲಿ ಮುಖ್ಯಪಾತ್ರ, ಪತ್ರಿಕಾ ವಿಮರ್ಶೆ, ಟಿಆರ್‌ಪಿಯಂಥ ಯಶಸ್ಸಿನ ದಾಖಲೆ, ಪರಿಣತರ ಪತ್ರ, ಉಳಿದವರಿಗಿಂತ ಹೆಚ್ಚಿನ ಸಂಭಾವನೆ ಇವೆಲ್ಲ ಅದರೊಳಗೆ ಬರುತ್ತವೆ. ಕಡತ ಸೊರಗುವುದು ಸಣ್ಣ ವಿಷಯಗಳಲ್ಲಿ. ನಿಮ್ಮ ಫೋಟೊ ಇರುವ ಭಾಗವನ್ನಷ್ಟೇ ಕತ್ತರಿಸಿಟ್ಟ ಪತ್ರಿಕಾ ತುಣುಕು ಸಾಲದು. ಪತ್ರಿಕೆಯ ಹೆಸರು, ದಿನಾಂಕ, ಲೇಖಕರ ಹೆಸರು ಕಾಣುವಂತೆ ಪೂರ್ತಿ ಪುಟ ಸ್ಕ್ಯಾನ್ ಮಾಡಿಸಿ. ಕನ್ನಡದ ಪ್ರತಿ ಹಾಳೆಗೂ ಪೂರ್ಣ ಇಂಗ್ಲಿಷ್ ಅನುವಾದ ಕಡ್ಡಾಯ. ಎರಡೂ ಭಾಷೆ ಬಲ್ಲೆ, ಅನುವಾದ ಪೂರ್ಣವೂ ಸರಿಯೂ ಆಗಿದೆ ಎಂದು ಅನುವಾದಕರು ಸಹಿ ಮಾಡಿಕೊಡಬೇಕು. ಸಾರಾಂಶ ನಡೆಯುವುದಿಲ್ಲ.

ನಿರ್ಮಾಣ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪಾತ್ರದ ಹೆಸರು, ಕಂತುಗಳ ಸಂಖ್ಯೆ, ಪ್ರಸಾರದ ಅವಧಿ ಬರೆಸಿಕೊಳ್ಳಿ. ಧಾರಾವಾಹಿ ಮುಗಿದು ತಂಡ ಚದುರಿದ ಮೇಲೆ ಈ ಒಂದು ಪತ್ರಕ್ಕಾಗಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ದಿನಗೂಲಿ ಲೆಕ್ಕದ ಸಂಭಾವನೆಗೆ ಟಿಡಿಎಸ್ ಪ್ರಮಾಣಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ. ಟೈಟಲ್ ಕಾರ್ಡಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿದ ಇನ್ನೊಂದು ಹೆಸರು ನಮ್ಮಲ್ಲಿ ಮಾಮೂಲು. ಎರಡೂ ಒಬ್ಬರದೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿಡಿ. ಶಿಫಾರಸು ಪತ್ರಗಳನ್ನು ಒಂದೇ ಒಕ್ಕಣೆಯಲ್ಲಿ ಬರೆಸಿ ಹತ್ತು ಜನರ ಸಹಿ ಹಾಕಿಸುವ ಚಾಳಿ ಬಿಡಿ. ಓದುವ ಅಧಿಕಾರಿಗೆ ಅದು ಎರಡನೇ ಪತ್ರಕ್ಕೇ ಗೊತ್ತಾಗುತ್ತದೆ.

ದುಡ್ಡಿನ ವಿಷಯ ಕಟುವಾಗಿಯೇ ಹೇಳಬೇಕು. ಅವಕಾಶ ಸಿಗುವವರೆಗೆ ಹೋಟೆಲಿನಲ್ಲಿ ಸಪ್ಲೈಯರ್ ಆಗಿಯೋ ಟ್ಯಾಕ್ಸಿ ಓಡಿಸಿಯೋ ಬದುಕುವುದು ಅಲ್ಲಿನ ಪೌರರಿಗೆ ಸಾಧ್ಯ, ಓ-1ಬಿಯವರಿಗೆ ಇಲ್ಲ. ಅರ್ಜಿಯಲ್ಲಿ ಹೇಳಿದ ಕೆಲಸ ಬಿಟ್ಟು ಬೇರೇನೂ ಮಾಡುವಂತಿಲ್ಲ. ಜೊತೆಗೆ ಬರುವ ಪತಿಯ ಓ-3 ವೀಸಾದಲ್ಲೂ ದುಡಿಮೆಗೆ ಅನುಮತಿಯಿಲ್ಲ. ಒಂದು ಬೆಡ್‌ರೂಮ್ ಮನೆಗೆ ಬಹುತೇಕ ಕಡೆ ತಿಂಗಳ ಬಾಡಿಗೆಯೇ 2,000 ಡಾಲರ್ ದಾಟುವ, ಕಾರಿಲ್ಲದೆ ಆಡಿಷನ್‌ಗೆ ಓಡಾಡುವುದು ಕಷ್ಟವಾದ ಊರದು. ಒಂದು ವರ್ಷದ ಖರ್ಚು ಕೈಯಲ್ಲಿಲ್ಲದೆ ಹೊರಡಬೇಡಿ.

ಪ್ರಶ್ನೆ: ಅಮೆರಿಕಕ್ಕೆ ಕಳಿಸಿದ ಸೆಲ್ಫ್-ಟೇಪ್‌ಗಳಿಗೆ (ನಾವೇ ಚಿತ್ರಿಸಿ ಕಳಿಸುವ ಆಡಿಷನ್ ವಿಡಿಯೊ) ಉತ್ತರವೇ ಬರುವುದಿಲ್ಲ. ಎಡವುತ್ತಿರುವುದು ಎಲ್ಲಿ? (ಓದುಗರು, ಮೈಸೂರು)

ಉತ್ತರ ಬಾರದಿರುವುದು ಅಲ್ಲಿನ ರೂಢಿ. ಆಯ್ಕೆಯಾದರಷ್ಟೇ ಕರೆ ಬರುತ್ತದೆ. ಆದರೂ ಧಾರಾವಾಹಿಯಿಂದ ಹೋದವರ ಟೇಪ್‌ಗಳಲ್ಲಿ ಒಂದಷ್ಟು ದೋಷ ಪದೇ ಪದೇ ಕಾಣುತ್ತದೆ.

ಫೋನನ್ನು ಅಡ್ಡಲಾಗಿ ಟ್ರೈಪಾಡ್ ಮೇಲೆ, ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ. ಚೌಕಟ್ಟು ಎದೆಯಿಂದ ಮೇಲಕ್ಕೆ, ಹಿಂದೆ ಬೂದು ಅಥವಾ ತಿಳಿನೀಲಿಯ ಖಾಲಿ ಗೋಡೆ. ಮುಖದ ಎರಡೂ ಬದಿಯಿಂದ ಓರೆಯಾಗಿ ಎರಡು ದೀಪ ಸಾಕು. ತಲೆಯ ಮೇಲಿನ ಟ್ಯೂಬ್‌ಲೈಟ್ ಕಣ್ಣಿನ ಕೆಳಗೆ ನೆರಳು ಬೀಳಿಸುತ್ತದೆ, ಆರಿಸಿ. ಎದುರು ಪಾತ್ರದ ಮಾತು ಓದುವವರು ಲೆನ್ಸ್‌ಗೆ ಅಂಟಿಕೊಂಡಂತೆ ಪಕ್ಕದಲ್ಲಿ ಕೂರಲಿ. ಅವರು ಮೈಕಿಗೆ ಹತ್ತಿರವಿರುವುದರಿಂದ ದನಿ ನಿಮಗಿಂತ ತಗ್ಗಿರಬೇಕು. ಮೊದಲಿಗೆ ಹೆಸರು, ಎತ್ತರ, ಇರುವ ಊರು ಹೇಳಿ, ವಯಸ್ಸು ಬೇಡ.

ಅಭಿನಯದ ಸಮಸ್ಯೆ ಬೇರೆಯೇ. ನಮ್ಮ ಧಾರಾವಾಹಿಯಲ್ಲಿ ಒಂದು ಮಾತಿಗೆ ಮನೆಮಂದಿಯ ಮುಖಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತಾರೆ, ಅದಕ್ಕೆ ತಕ್ಕಂತೆ ಹುಬ್ಬು ಹಾರಿಸಿ ತಡೆದು ನಿಲ್ಲುವುದು ಅಭ್ಯಾಸವಾಗಿಬಿಡುತ್ತದೆ. ಕ್ಲೋಸಪ್‌ನ ಸೆಲ್ಫ್-ಟೇಪ್‌ನಲ್ಲಿ ಅದು ಹಾಸ್ಯಕ್ಕೆ ತಿರುಗುತ್ತದೆ. ಇನ್ನೊಂದು, ಡಬ್ಬಿಂಗ್‌ನಲ್ಲಿ ಸರಿಪಡಿಸೋಣ ಎಂಬ ಭರವಸೆ. ಅಲ್ಲಿ ಸ್ಥಳದಲ್ಲೇ ಹಿಡಿದ ದನಿಯೇ ಮುಖ್ಯ. ಪದದ ಕೊನೆ ನುಂಗಿದರೆ ಪಾತ್ರವೇ ಹೋಯಿತು. ಬಲವಂತದ ಅಮೆರಿಕನ್ ಉಚ್ಚಾರಣೆ ಬೇಡ. ನಮ್ಮ ನಾಲಿಗೆ ಇಂಗ್ಲಿಷ್ ಪದದ ಕೊನೆಗೆ ‘ಉ’ ಸೇರಿಸುವುದು, ‘ಓನ್ಲಿ’ ಎನ್ನುವಲ್ಲಿ ‘ವೋನ್ಲಿ’ ಎನ್ನುವುದು, ಇವೆರಡನ್ನು ಉಚ್ಚಾರಣೆಯ ಶಿಕ್ಷಕರ ಬಳಿ ತಿದ್ದಿಕೊಂಡರೆ ಬಹಳಷ್ಟು ಆಯಿತು.

ಪ್ರಶ್ನೆ: ಮದುವೆಯಾಗಿ ನ್ಯೂಜೆರ್ಸಿಗೆ ಬಂದಿದ್ದೇನೆ, ಎಚ್-1ಬಿ ಉದ್ಯೋಗ ವೀಸಾದಲ್ಲಿರುವ ಪತಿಯ ಅವಲಂಬಿತೆಯಾಗಿ ಎಚ್-4 ವೀಸಾ. ಇಲ್ಲಿ ನಟಿಸಬಹುದೇ? (ಓದುಗರು, ನ್ಯೂಜೆರ್ಸಿ)

ಎಚ್-4 ಒಂದರಿಂದಲೇ ಸಂಭಾವನೆ ಪಡೆಯುವಂತಿಲ್ಲ. ಪತಿಯ ಗ್ರೀನ್ ಕಾರ್ಡ್‌ಗಾಗಿ ಸಲ್ಲಿಸಿದ ಐ-140 ಅರ್ಜಿ ಮಂಜೂರಾಗಿದ್ದರೆ, ಅಥವಾ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿದ್ದು ಅವರ ಎಚ್-1ಬಿ 6 ವರ್ಷ ಮೀರಿ ಮುಂದುವರಿದಿದ್ದರೆ, ಇಂದಿನ ನಿಯಮದಂತೆ ನೀವು ಇಎಡಿಗೆ, ಅಂದರೆ ಕೆಲಸದ ಅನುಮತಿ ಪತ್ರಕ್ಕೆ, ಅರ್ಜಿ ಹಾಕಬಹುದು. ಅದು ಕೈಗೆ ಬಂದ ಮೇಲೆ ಓ-1ಬಿ ಗೊಡವೆಯೇ ಇಲ್ಲ. ನ್ಯೂಯಾರ್ಕ್ ಪಕ್ಕದಲ್ಲೇ ಇದೆ, ಜಾಹೀರಾತಿನ ಆಡಿಷನ್‌ಗಳಿಂದ ಆರಂಭಿಸಿ. ಇಎಡಿ ಸಿಗುವವರೆಗೆ ಕನ್ನಡ ಕೂಟದ ನಾಟಕಗಳಲ್ಲಿ ಸಂಭಾವನೆಯಿಲ್ಲದೆ ಪಾತ್ರ ಮಾಡುತ್ತ ಅಭ್ಯಾಸ ಉಳಿಸಿಕೊಳ್ಳಿ.

ಪ್ರಶ್ನೆ: ರಂಗಭೂಮಿಯವನು. ಲಂಡನ್‌ನಲ್ಲಿ ಓದುತ್ತ, ನಟಿಸುತ್ತ ನೆಲೆ ಕಂಡುಕೊಳ್ಳುವ ಯೋಚನೆ ಸರಿಯೇ? (ಓದುಗರು, ಹುಬ್ಬಳ್ಳಿ)

ಇಲ್ಲೊಂದು ಗುಂಡಿಯಿದೆ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಪದವಿ ಓದುವವರು ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಆದರೆ ನಟನೆಯನ್ನು ಮಾತ್ರ ವೃತ್ತಿಯಾಗಿ ಮಾಡುವಂತಿಲ್ಲ. ನಾಟಕ ಕಲಿಯಲು ಹೋದವರಿಗೇ ಈ ನಿರ್ಬಂಧ! ಕ್ರಿಯೇಟಿವ್ ವರ್ಕರ್ ವೀಸಾ ಸಿಗಬೇಕಾದರೆ ಅಲ್ಲಿನ ಪ್ರಾಯೋಜಕರು ಬೇಕು, ಅವಧಿ 12 ತಿಂಗಳವರೆಗೆ. ಅನುಭವ, ಮನ್ನಣೆ ಇದ್ದರೆ ಗ್ಲೋಬಲ್ ಟ್ಯಾಲೆಂಟ್ ವೀಸಾ ಒಳ್ಳೆಯದು. ಒಂದು ಸಲಕ್ಕೆ 5 ವರ್ಷದವರೆಗೂ ಸಿಗುತ್ತದೆ, ಬೇರೆ ಕೆಲಸವನ್ನೂ ಮಾಡಬಹುದು. ರಂಗಭೂಮಿಯವರಾದ್ದರಿಂದ ನಿಮ್ಮ ಅರ್ಜಿಯನ್ನು ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ ಪರಿಶೀಲಿಸುತ್ತದೆ. ಹೋದ ಮೇಲೆ ಸ್ಪಾಟ್‌ಲೈಟ್‌ನಲ್ಲಿ ಹೆಸರಿರಬೇಕು. 1927ರಿಂದ ನಡೆದುಬಂದ ಕಲಾವಿದರ ಪಟ್ಟಿಯದು, ಪಾತ್ರ ಹಂಚುವವರು ಮೊದಲು ತೆರೆಯುವುದೇ ಅದನ್ನು.

ಪ್ರಶ್ನೆ: ಹಾಲಿವುಡ್ ಏಜೆಂಟ್ ಎಂದು ಹೇಳಿಕೊಂಡವರು ನೋಂದಣಿಗೆ, ಫೋಟೊ ಶೂಟ್‌ಗೆ ಮುಂಗಡ ಕೇಳುತ್ತಿದ್ದಾರೆ. ಕೊಡಲೇ? (ಓದುಗರು, ತುಮಕೂರು)

ಬಿಡಿಗಾಸೂ ಕೊಡಬೇಡಿ. ನಿಮಗೆ ಸಂಭಾವನೆ ಬಂದ ಮೇಲೆ ಅದರಲ್ಲಿ ಸಾಮಾನ್ಯವಾಗಿ ಶೇ 10 ಏಜೆಂಟರ ಪಾಲು. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಕೊಡಿಸುವ ಹೆಸರಿನಲ್ಲಿ ಮುಂಗಡ ಶುಲ್ಕ ಪಡೆಯುವುದು ಕಾನೂನುಬಾಹಿರ, ಏಜೆಂಟರಿಗೆ ರಾಜ್ಯದ ಲೇಬರ್ ಕಮಿಷನರ್ ಕಚೇರಿಯ ಲೈಸೆನ್ಸ್ ಕೂಡ ಇರಬೇಕು. ಲೈಸೆನ್ಸ್ ಸಂಖ್ಯೆ ಕೇಳಿ, ಆ ಕಚೇರಿಯ ಜಾಲತಾಣದಲ್ಲಿ ಹುಡುಕಿ ನೋಡಿ. ಫೋಟೊಗ್ರಾಫರನ್ನು ನೀವೇ ಆರಿಸಿಕೊಳ್ಳಿ. ಇಂಥವರ ಬಳಿಯೇ ತೆಗೆಸಬೇಕೆಂದು ಪಟ್ಟು ಹಿಡಿದರೆ ಅಲ್ಲಿಗೇ ಮಾತು ನಿಲ್ಲಿಸಿ.