ಪ್ರತಿಕ್ರಿಯೆ: ಮೊದಲ ವರ್ಷದವರಿಗೆ ಜಾಗದ ಅಂದಾಜು ಕಲಿಸೋದು ಹೇಗೆ?

ನಮಸ್ಕಾರ ಮೇಡಂ. ನಿಮ್ಮ ಇಂಟೀರಿಯರ್ ಡಿಸೈನ್ ಮಕ್ಕಳು ಕಂಪ್ಯೂಟರಿನಲ್ಲಿ ಚೆಂದದ ಅಡುಗೆಮನೆ ಮಾಡಿ ತರುತ್ತಾರೆ, ಆದರೆ ಅದರಲ್ಲಿ ಒಬ್ಬರು ತಿರುಗೋಕೂ ಜಾಗ ಇರಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ.

ಮೊದಲ ಕೆಲವು ವಾರ ಕಂಪ್ಯೂಟರ್ ಮುಚ್ಚಿಸಿ, ಕೈಗೆ ಅಳತೆ ಟೇಪು ಕೊಡಿ. ನಾನು ಸ್ಟುಡಿಯೋ ನೆಲದ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು ನಿಜವಾದ ಅಳತೆಯಲ್ಲೇ ಬರೆಸುತ್ತೇನೆ. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮನೆಗಳಿಗಾಗಿ 1926ರಲ್ಲಿ ರೂಪಿಸಿದ ಪುಟ್ಟ ಅಡುಗೆಮನೆ ಅದು. ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್, ಅಷ್ಟೇ. ಒಳಗೆ ಇಬ್ಬರನ್ನು ನಿಲ್ಲಿಸಿ. ಒಬ್ಬರು ಬಗ್ಗಿ ಕೆಳಗಿನ ಡ್ರಾಯರ್ ಎಳೆದಂತೆ ಮಾಡಲಿ, ಇನ್ನೊಬ್ಬರು ಕುಕ್ಕರ್ ಹಿಡಿದು ಹಿಂದಿನಿಂದ ದಾಟಲಿ. ಕಾಲು ಟೇಪಿನ ಗೆರೆ ತುಳಿದ ಕೂಡಲೇ ಅವರಿಗೇ ಗೊತ್ತಾಗುತ್ತೆ. ನೀವು ಬಾಯಿ ಬಿಡೋದೇ ಬೇಡ.

ಆಮೇಲೆ ಅವರವರ ಮನೆ ಅಡುಗೆ ಕಟ್ಟೆ ಅಳೆದು ತರಲಿ. ಒಬ್ಬ ಹುಡುಗಿ 90 ಸೆಂಟಿಮೀಟರ್ ಅಂತ ಬರೆದು ತಂದಳು. ಅಮ್ಮ ಗಿಡ್ಡ, ಚಪಾತಿ ಹಿಟ್ಟು ನಾದುವಾಗ ಮಣೆ ಮೇಲೆ ನಿಲ್ಲುತ್ತಾರೆ ಅಂತಲೂ ಪಕ್ಕದಲ್ಲಿ ಬರೆದಿದ್ದಳು. ಅವಳ ಮುಂದಿನ ಡ್ರಾಯಿಂಗಿನಲ್ಲಿ ಕಟ್ಟೆ 80ಕ್ಕೆ ಇಳಿದಿತ್ತು. ನನಗೆ ಎಷ್ಟು ಖುಷಿಯಾಯಿತು ಗೊತ್ತಾ!

ಇನ್ನೊಂದು ಮಾತು. ಟೇಬಲ್ ಹತ್ತಿರ ಕೂತು ತಿದ್ದುವಾಗ ಅವರ ಹಾಳೆ ಮೇಲೆ ನೇರವಾಗಿ ಗೀಚಬೇಡಿ. ಟ್ರೇಸಿಂಗ್ ಪೇಪರ್ ಹಾಸಿ, "ಒಲೆಯಿಂದ ಇಳಿಸಿದ ಬಿಸಿ ಪಾತ್ರೆ ಎಲ್ಲಿಡ್ತೀಯಾ?" ಅಂತ ಕೇಳಿ, ಪೆನ್ಸಿಲ್ ಅವರ ಕೈಗೇ ಕೊಡಿ. ಸಮಯ ಜಾಸ್ತಿ ಹಿಡಿಯುತ್ತೆ, ನಿಜ. ಹಿಡಿಯಲಿ.