ಗಾಂಜಾ ಅಂಗಡಿಗೆ ಲೈಸೆನ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಔಷಧಿ ಕಂಪನಿಯಲ್ಲಿ ಸೇಲ್ಸ್ ಕೆಲಸದಲ್ಲಿದ್ದೆ, ಈಗ ಬಿಟ್ಟಿದ್ದೇನೆ. ಸ್ವಂತ ಧಂದೆ ಮಾಡುವ ಆಸೆ. ಕಳೆದ ವರ್ಷ ಕೆನಡಾದ ಬ್ರಾಂಪ್ಟನ್‌ನಲ್ಲಿರುವ ಭಾವನ ಮನೆಗೆ ಹೋಗಿದ್ದೆ. ಅಲ್ಲಿ ಅವರ ಸ್ನೇಹಿತರ ಕ್ಯಾನಬಿಸ್ (ಗಾಂಜಾ) ಅಂಗಡಿ ನೋಡಿದೆ. ಮೆಡಿಕಲ್ ಸ್ಟೋರಿನಷ್ಟೇ ಚೊಕ್ಕವಾಗಿದೆ. ಇಲ್ಲಿ ಒಬ್ಬ ಏಜೆಂಟರು ‘ಸರ್ಕಾರಿ ಮಾನ್ಯತೆಯ ಕ್ಯಾನಬಿಸ್ ಡಿಸ್ಪೆನ್ಸರಿ’ ಲೈಸೆನ್ಸ್ ಮಾಡಿಸಿಕೊಡುತ್ತೇನೆ ಎನ್ನುತ್ತಾರೆ. 4 ಲಕ್ಷ ಕೇಳುತ್ತಾರೆ, ಅರ್ಧ ಮುಂಗಡ. ಅವರು ತೋರಿಸಿದ ಮೂರು ಕಾಗದಗಳ ನಕಲು ಕಳಿಸಿದ್ದೇನೆ. ಚೆಂಬೂರಿನಲ್ಲಿ ನನ್ನ ಮಾವನವರ ಹೋಟೆಲ್ ಇದೆ. ಪಕ್ಕದ ಗಾಲಾ (ಅಂಗಡಿ ಜಾಗ) ಅವರದ್ದೇ, ಕೊಡುತ್ತೇನೆ ಎಂದಿದ್ದಾರೆ. ಭಾವ ಮಾತ್ರ, ಅಲ್ಲಿಯ ಅಂಗಡಿಯಲ್ಲೇ ಪಾಲು ಹಾಕು ಅನ್ನುತ್ತಾರೆ. ಯಾವ ದಾರಿ ಹಿಡಿಯಲಿ?
— ಹೆಸರು ಬೇಡ, ನೆರೂಳ್, ನವಿ ಮುಂಬಯಿ

ಉತ್ತರ: ಮೊದಲು ದುಡ್ಡಿನ ಮಾತು. ಆ 2 ಲಕ್ಷ ಮುಂಗಡ ಕೊಡಬೇಡಿ. ಕೊಟ್ಟಿದ್ದರೆ ಇವತ್ತೇ ಬರವಣಿಗೆಯಲ್ಲಿ ವಾಪಸ್ ಕೇಳಿ.

ನೀವು ಕಳಿಸಿದ ಮೂರು ಕಾಗದಗಳನ್ನೂ ನೋಡಿದೆ. ಹೋಟೆಲು, ಬಾರು, ಮೆಡಿಕಲ್ ಅಂಗಡಿಗಳ ಲೈಸೆನ್ಸ್ ಕೆಲಸ ಮಾಡುತ್ತಲೇ ನನ್ನ ವಕೀಲಿ ನಡೆದಿದೆ. ಹಾಗಾಗಿ ಇವು ಹೊಸ ಕಾಗದಗಳಲ್ಲ. ಮೊದಲನೆಯದು ಗುಮಾಸ್ತಾ, ಅಂದರೆ ಅಂಗಡಿ ಕಾಯ್ದೆಯ ಕಾಗದ. ಮಹಾರಾಷ್ಟ್ರದ 2017ರ ಕಾಯ್ದೆಯಲ್ಲಿ ಕೆಲವೇ ಕೆಲಸಗಾರರಿದ್ದರೆ ನೋಂದಣಿಯೂ ಬೇಡ, ಧಂದೆ ಶುರು ಮಾಡಿದ್ದೇವೆ ಎಂದು ಆನ್‌ಲೈನಿನಲ್ಲಿ ತಿಳಿಸಿದರೆ ಸಾಕು. ಒಳಗೆ ಏನು ಮಾರುತ್ತೀರಿ ಎಂಬುದಕ್ಕೆ ಅದು ಒಪ್ಪಿಗೆ ಆಗುವುದಿಲ್ಲ. ಎರಡನೆಯದು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ. ಮಾವನವರ ಹೋಟೆಲಿನ ಗೋಡೆಯ ಮೇಲೆ ತೂಗುವಂಥದ್ದೇ. ಮೂರನೆಯದು ಬೇರೆ ರಾಜ್ಯದ ಒಂದು ಆಯುರ್ವೇದ ತಯಾರಕರ ಲೈಸೆನ್ಸಿನ ಜೆರಾಕ್ಸ್. ಅದು ಅವರ ಕಾರ್ಖಾನೆಗೆ ಸೇರಿದ್ದು. ಮೂರನ್ನೂ ಒಂದೇ ಫೈಲಿಗೆ ಹಾಕಿ, ಮೇಲೆ ಹಸಿರು ಎಲೆಯ ಚಿತ್ರ ಅಂಟಿಸಿ ‘ಮಾನ್ಯತೆ’ ಎಂದಿದ್ದಾರೆ.

ಏಜೆಂಟರನ್ನು ಒಂದೇ ಮಾತು ಕೇಳಿ: ಯಾವ ಕಾಯ್ದೆ, ಯಾವ ಫಾರಂ, ಸಹಿ ಹಾಕುವ ಅಧಿಕಾರಿ ಯಾರು? ಪರ್ಮಿಟ್ ರೂಮಿಗೆ (ಮದ್ಯ ಕೊಡುವ ಬಾರಿಗೆ) ಎಫ್‌ಎಲ್-3 ಎಂದು ಚೆಂಬೂರಿನ ಯಾವ ಮ್ಯಾನೇಜರನನ್ನು ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಮೆಡಿಕಲ್ ಅಂಗಡಿಗೆ ಫಾರಂ 20, ಫಾರಂ 21. ನಿಜವಾದ ಲೈಸೆನ್ಸಿಗೆ ನಂಬರ್ ಇರುತ್ತದೆ, ಕೊಡುವ ಕಚೇರಿ ಇರುತ್ತದೆ. ಮಹಾರಾಷ್ಟ್ರದಲ್ಲಿ ಚಿಲ್ಲರೆ ಗಾಂಜಾ ಅಂಗಡಿಗೆ ಅಂಥ ಫಾರಂ ಇಲ್ಲ.

ಕಾನೂನು ಹೇಗಿದೆ ಎಂದರೆ, ದೇಶಕ್ಕೆಲ್ಲ ಅನ್ವಯಿಸುವುದು 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆ. ಗಿಡದ ಹೂವಿನ ತೆನೆ ಗಾಂಜಾ. ಅಂಟು ಚರಸ್. ಇವೆರಡರ ಯಾವ ಮಿಶ್ರಣವಾದರೂ ನಿಷೇಧದೊಳಗೆ ಬರುತ್ತದೆ. ಹೂವಿನ ಜೊತೆ ಬಾರದ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗೆ. ಭಂಗಿ ಸೊಪ್ಪು ಹೀಗೆಯೇ ರಾಜ್ಯಗಳ ಅಬಕಾರಿ ಕಾನೂನಿನ ಕೈಗೆ ಬಂತು. ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಲೈಸೆನ್ಸ್ ಇರುವ ಭಂಗಿ ಅಂಗಡಿಗಳಿವೆ. ಜೈಸಲ್ಮೇರಿನ ಅಂಥ ಅಂಗಡಿಯ ಫೋಟೋ ಏಜೆಂಟರು ನಿಮಗೆ ತೋರಿಸಿದ್ದಾರೆ ಎಂದು ಬರೆದಿದ್ದೀರಿ. ಅದು ಆ ರಾಜ್ಯದ ವ್ಯವಸ್ಥೆ. ಇಲ್ಲಿ 1949ರ ಪಾನನಿಷೇಧ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಭಂಗಿ ತಯಾರಿಸುವುದು, ಇಟ್ಟುಕೊಳ್ಳುವುದು, ಸೇವಿಸುವುದು ಎಲ್ಲವೂ ಅಪರಾಧ.

ಗಮ್ಮಿ, ಬ್ರೌನಿ, ಚಾಕೊಲೇಟು ಮಾರಿದರೆ ಜಾಸ್ತಿ ಮಾರ್ಜಿನ್ ಎಂದು ಏಜೆಂಟರು ಹೇಳಿದ್ದಾರಲ್ವಾ, ಆ ಮಾತು ಓದಿ ನನಗೆ ನಿಜಕ್ಕೂ ಭಯವಾಯಿತು. ಗಾಂಜಾ 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಶಿಕ್ಷೆ. ಜಾಮೀನು ಸಿಗುವುದೂ ಬಹಳ ಕಷ್ಟ. ತೂಕ ಹಾಕುವಾಗ ಒಳಗಿನ ಮಾದಕ ಪದಾರ್ಥ ಇಷ್ಟೇ ಇದೆ ಎಂದು ವಾದಿಸಲು ಬರುವುದಿಲ್ಲ. ಬೆರೆಸಿದ ವಸ್ತುವಿನ ಪೂರ್ತಿ ತೂಕವೇ ಲೆಕ್ಕ ಎಂದು 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಮೈದಾ, ಸಕ್ಕರೆ, ಬೆಣ್ಣೆ ಎಲ್ಲ ಸೇರಿಸಿ ತೂಗುತ್ತಾರೆ. ಗಾಂಜಾ ಬ್ರೌನಿ ಮಾಡುತ್ತಿದ್ದ ಬೇಕರಿಯ ಮೇಲೆ ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ ಎನ್‌ಸಿಬಿ ದಾಳಿ ಮಾಡಿದ್ದು 2021ರಲ್ಲಿ, ಇದೇ ಮುಂಬಯಿಯಲ್ಲಿ.

ಇನ್ನು ಮಾವನವರ ಗಾಲಾ. ದಯವಿಟ್ಟು ಈ ಪತ್ರಿಕೆಯನ್ನು ಅವರಿಗೂ ಓದಿಸಿ. ಎನ್‌ಡಿಪಿಎಸ್ 25ನೇ ಕಲಮಿನಂತೆ, ತಿಳಿದೂ ತನ್ನ ಜಾಗವನ್ನು ಇಂಥ ಅಪರಾಧಕ್ಕೆ ಬಿಟ್ಟುಕೊಟ್ಟ ಮಾಲೀಕನಿಗೂ ಅದೇ ಅಪರಾಧದ ಶಿಕ್ಷೆ. ಬಾಡಿಗೆ ಕರಾರಿನಲ್ಲಿ ‘ಜನರಲ್ ಸ್ಟೋರ್’ ಎಂದು ಬರೆದರೆ ಬಚಾವಾಗುವುದಿಲ್ಲ. ಊರು ಬಿಟ್ಟು ಬಂದು, ಕ್ಯಾಂಟೀನಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಹೋಟೆಲ್ ಕಟ್ಟಿದ ಆ ತಲೆಮಾರನ್ನು ನಾನು ಹತ್ತಿರದಿಂದ ಬಲ್ಲೆ. ಅಳಿಯನ ಮೇಲಿನ ಪ್ರೀತಿಗೆ ಅವರು ಕೇಳಿದಲ್ಲೆಲ್ಲ ಸಹಿ ಹಾಕುತ್ತಾರೆ. ಆ ಸಹಿ ಹಾಕಿಸಬೇಡಿ.

ಹಾಗಾದರೆ ಏನೂ ಇಲ್ಲವೇ ಎಂದರೆ, ಇದೆ. ಚಿಕ್ಕದಾಗಿ ಇದೆ. ಈ ಗಿಡದ ಬೀಜವನ್ನು ಆಹಾರವಾಗಿ ಮಾರಲು 2021ರ ನವೆಂಬರಿನಲ್ಲಿ ಎಫ್‌ಎಸ್‌ಎಸ್‌ಎಐ ದಾರಿ ಮಾಡಿಕೊಟ್ಟಿತು. ಬೀಜ, ಬೀಜದ ಹಿಟ್ಟು, ಬೀಜದ ಎಣ್ಣೆ. ಅಮಲು ತರುವ ಟಿಎಚ್‌ಸಿ ಅಂಶ ಬೀಜ ಮತ್ತು ಹಿಟ್ಟಿನಲ್ಲಿ ಕೆಜಿಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಮೀರಬಾರದು. ಬೀಜ ಮೊಳೆಯುವಂತಿರಬಾರದು. ಉತ್ತರಾಖಂಡದ ಮನೆಗಳಲ್ಲಿ ಇದರ ಚಟ್ನಿ ಮಾಡುತ್ತಾರೆ, ರುಚಿ ನಮ್ಮ ಹುಚ್ಚೆಳ್ಳು ಚಟ್ನಿಪುಡಿಯ ಹಾಗೆ. ಆ ರಾಜ್ಯವೇ 2018ರಲ್ಲಿ ಕೈಗಾರಿಕೆಗಾಗಿ ಕಡಿಮೆ ಟಿಎಚ್‌ಸಿಯ ಗಿಡ ಬೆಳೆಯಲು ಮೊದಲು ಲೈಸೆನ್ಸ್ ಕೊಟ್ಟದ್ದು. ಇನ್ನೊಂದು ದಾರಿ ಆಯುರ್ವೇದದ್ದು. ಎಲೆಯಿಂದ ಮಾಡಿದ ಔಷಧಿಗಳು ‘ವಿಜಯಾ’ ಎಂಬ ಹೆಸರಿನಲ್ಲಿ ಬರುತ್ತವೆ. ಆಯುರ್ವೇದ ಔಷಧಿ ತಯಾರಿಸಲು ಲೈಸೆನ್ಸ್ ಬೇಕು. ಅಲೋಪತಿಗೆ ಇರುವಂಥ ಚಿಲ್ಲರೆ ಮಾರಾಟದ ಲೈಸೆನ್ಸ್ ಅದಕ್ಕಿಲ್ಲ. ಏಜೆಂಟರು ಹಿಡಿದುಕೊಂಡಿರುವುದು ಈ ಸಂದನ್ನೇ. ಆದರೆ ಯಾರು ಬಂದರೂ ಬಾಟಲಿ ಕೊಡಬಹುದು ಎಂದು ಇದರ ಅರ್ಥವಲ್ಲ. 1945ರ ಔಷಧಿ ನಿಯಮಗಳ ಇ-1 ಪಟ್ಟಿಯಲ್ಲಿ, ವಿಷವಸ್ತುಗಳ ಸಾಲಿನಲ್ಲಿ, ಇದು ಇದೆ. ವೈದ್ಯರ ನಿಗಾದಲ್ಲಿ ಮಾತ್ರ ಸೇವಿಸಬೇಕು ಎಂದು ಲೇಬಲಿನ ಮೇಲೆ ಇಂಗ್ಲಿಷ್, ಹಿಂದಿ ಎರಡರಲ್ಲೂ ಇರಬೇಕು. ಕ್ಯಾನ್ಸರ್, ಮಧುಮೇಹ, ಅಪಸ್ಮಾರ ಗುಣವಾಗುತ್ತದೆ ಎಂದು ಬೋರ್ಡ್ ಹಾಕಿದರೆ 1954ರ ಜಾಹೀರಾತು ಕಾಯ್ದೆಯಲ್ಲಿ ಕೇಸು.

ನಿಮಗೆ ಔಷಧಿ ಮಾರುಕಟ್ಟೆ ಗೊತ್ತು, ಡಾಕ್ಟರುಗಳ ಪರಿಚಯ ಇದೆ. ನನ್ನನ್ನು ಕೇಳಿದರೆ, ಆಯುರ್ವೇದ ವೈದ್ಯರೊಬ್ಬರು ಕೂರುವ ಸಾಮಾನ್ಯ ಆಯುರ್ವೇದ ಔಷಧಿ ಅಂಗಡಿ ಹಾಕಿ. ವಿಜಯಾ ಅದರಲ್ಲಿ ಒಂದು ಕಪಾಟು ಇರಲಿ. ಚೀಟಿ ಇಲ್ಲದೆ ಕೊಡಬೇಡಿ. ಚೀಟಿಯ ನಕಲು, ಬ್ಯಾಚ್ ನಂಬರ್, ಬಿಲ್ ಮೂರೂ ಒಟ್ಟಿಗೆ ಇಡಿ. ತಯಾರಕರಿಂದ ಪ್ರತಿ ಬ್ಯಾಚಿನ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನ ವರದಿ ಕೇಳಿ. ಅದು ಎಲೆಯಿಂದ ತೆಗೆದದ್ದೇ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹೂವಿನಿಂದ ತೆಗೆದದ್ದಾದರೆ ಲೇಬಲಿನ ಮೇಲೆ ಏನೇ ಇರಲಿ, ಅದು ಎನ್‌ಡಿಪಿಎಸ್ ಮಾಲು. ಶುರುವಿನಲ್ಲಿ ಲಾಭ ಕಡಿಮೆ. ಬಾಂದ್ರಾದ ಬಾಡಿಗೆ ಇದರಲ್ಲಿ ಹುಟ್ಟುವುದಿಲ್ಲ, ಚೆಂಬೂರಿನ ಸ್ವಂತ ಗಾಲಾದಲ್ಲಿ ನಡೆದೀತು. ಇಂಥ ಅಂಗಡಿಗೆ ಮಾವನವರು ಜಾಗ ಕೊಟ್ಟರೆ ನನ್ನ ಅಡ್ಡಿ ಇಲ್ಲ.

ಕೆನಡಾದ ಅಂಗಡಿ ಚೊಕ್ಕವಾಗಿ ಕಂಡದ್ದು ಸರಿ. ಅದರ ಹಿಂದೆ ಏನಿದೆ ನೋಡಿ. ಆ ದೇಶ ಕಾನೂನು ಬದಲಿಸಿದ್ದು 2018ರ ಅಕ್ಟೋಬರ್ 17ರಂದು. ಬ್ರಾಂಪ್ಟನ್ ಇರುವ ಒಂಟಾರಿಯೋದಲ್ಲಿ ಖಾಸಗಿ ಅಂಗಡಿಗಳು ಬಾಗಿಲು ತೆರೆದದ್ದು 2019ರ ಏಪ್ರಿಲಿನಲ್ಲಿ, ಅದೂ ಮೊದಲಿಗೆ 25 ಲೈಸೆನ್ಸಿಗೆ ಲಾಟರಿ ಎತ್ತಿ. ನಡೆಸುವವರಿಗೆ ಒಂದು ಲೈಸೆನ್ಸ್, ಅಂಗಡಿಯ ಜಾಗಕ್ಕೆ ಬೇರೆ ಅನುಮತಿ. ಶಾಲೆಯಿಂದ 150 ಮೀಟರ್ ದೂರ ಇರಬೇಕು. ಮಾಲು ಕೊಳ್ಳಬೇಕಾದದ್ದು ಪ್ರಾಂತ್ಯ ಸರ್ಕಾರದ ಸಗಟು ಸಂಸ್ಥೆಯಿಂದಲೇ. 19 ವರ್ಷ ತುಂಬದವರಿಗೆ ಮಾರುವಂತಿಲ್ಲ. ಲಾಟರಿ ನಿಂತು ಲೈಸೆನ್ಸ್ ಸಲೀಸಾದ ಮೇಲೆ ಒಂದೇ ಬೀದಿಯಲ್ಲಿ ನಾಲ್ಕಾರು ಅಂಗಡಿಗಳಾದವು, ಬೆಲೆ ಇಳಿಯಿತು, ಎಷ್ಟೋ ಅಂಗಡಿಗಳು ಮುಚ್ಚಿದವು. ಕಾನೂನು ಒಪ್ಪಿದ ಊರಲ್ಲೂ ಇದು ಸುಲಭದ ಧಂದೆ ಅಲ್ಲ.

ಭಾವನ ಪಾಲಿನ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು ಎಂದು ಅವರು ಹೇಳಿದ್ದು ಸರಿ. ಆದರೆ ಎನ್‌ಡಿಪಿಎಸ್ 12ನೇ ಕಲಮನ್ನು ಬಹಳ ಜನ ಓದಿಯೇ ಇಲ್ಲ. ಭಾರತದ ಹೊರಗೆ ಮಾದಕ ವಸ್ತು ಪಡೆದು ಭಾರತದ ಹೊರಗಿನವರಿಗೇ ಕೊಡುವ ವ್ಯಾಪಾರವನ್ನೂ ಕೇಂದ್ರ ಸರ್ಕಾರದ ಮುಂಚಿನ ಅನುಮತಿ ಇಲ್ಲದೆ ನಡೆಸಬಾರದು, ನಿಯಂತ್ರಿಸಲೂ ಬಾರದು ಎನ್ನುತ್ತದೆ ಅದು. 24ನೇ ಕಲಮಿನಲ್ಲಿ ಅದಕ್ಕೆ 10ರಿಂದ 20 ವರ್ಷ ಶಿಕ್ಷೆ. ಈ ಕಾಯ್ದೆ ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ ಎಂದು ಮೊದಲನೇ ಕಲಮಿನಲ್ಲೇ ಬರೆದಿದೆ. ನಿಮ್ಮ ಭಾವ ಕೆನಡಾದ ಪ್ರಜೆಯಾಗಿರಬಹುದು. ನಿಮ್ಮ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್. ಬರೀ ಶೇರು ಕೊಂಡರೆ ‘ನಿಯಂತ್ರಣ’ ಆಗುತ್ತದೆಯೇ ಎಂದು ಕೋರ್ಟಿನಲ್ಲಿ ವಾದ ಮಾಡಬಹುದು. ಆ ವಾದ ನಿಮ್ಮ ಹೆಸರಿನ ಕೇಸಿನಲ್ಲಿ ನಡೆಯುವುದು ನನಗೆ ಬೇಡ. ಭಾವನಿಗೆ ಪ್ರೀತಿಯಿಂದಲೇ ಇಲ್ಲ ಎನ್ನಿ.

ಪ್ರಶ್ನೆ: ನಾನು ಬಿಎಎಂಎಸ್ ವೈದ್ಯೆ. ಪುಣೆಯ ಕೋಥ್ರೂಡಿನಲ್ಲಿ ಸಣ್ಣ ಕ್ಲಿನಿಕ್ ಇದೆ. ದೀರ್ಘ ನೋವಿನ ರೋಗಿಗಳಿಗೆ ವಿಜಯಾ ಎಣ್ಣೆ ಬರೆಯಬಹುದೇ, ಕ್ಲಿನಿಕ್‌ನಲ್ಲಿ ಇಟ್ಟುಕೊಳ್ಳಬಹುದೇ?
— ಪುಣೆಯ ಓದುಗರು

ಉತ್ತರ: ಬರೆಯಬಹುದು ಡಾಕ್ಟ್ರೇ. ಲೈಸೆನ್ಸ್ ಇರುವ ತಯಾರಕರ ಸಿದ್ಧ ಔಷಧಿಯನ್ನು ಬಿಲ್ ಸಮೇತ ಕೊಂಡು ನಿಮ್ಮ ರೋಗಿಗಳಿಗಾಗಿ ಇಟ್ಟುಕೊಳ್ಳಬಹುದು. ಹಸಿ ಎಲೆ ಅಥವಾ ಪುಡಿ ತಂದು ಕ್ಲಿನಿಕ್‌ನಲ್ಲೇ ತಯಾರಿಸಲು ಹೋಗಬೇಡಿ, ಅಲ್ಲಿ ಅಬಕಾರಿ ಇಲಾಖೆ ಬರುತ್ತದೆ.

ಕೇಸ್ ಪೇಪರಿನಲ್ಲಿ ರೋಗ, ಪ್ರಮಾಣ, ಬ್ಯಾಚ್, ಜೊತೆಗೆ ನಡೆಯುತ್ತಿರುವ ಅಲೋಪತಿ ಮಾತ್ರೆಗಳು ಎಲ್ಲವನ್ನೂ ಬರೆಯಿರಿ. ಈ ಕೊನೆಯದನ್ನು ಬಿಡಲೇಬೇಡಿ. ಈ ಗಿಡದ ಸಿಬಿಡಿ ಅಂಶ ರಕ್ತ ತಿಳಿಗೊಳಿಸುವ ವಾರ್ಫರಿನ್, ಅಪಸ್ಮಾರಕ್ಕೆ ಕೊಡುವ ಕ್ಲೋಬಜಾಮ್ ಮುಂತಾದವುಗಳ ಪರಿಣಾಮ ಹೆಚ್ಚಿಸುತ್ತದೆ. ಇದು ನಿಮಗೆ ಗೊತ್ತಿರುವುದೇ, ಆದರೆ ನಿಮ್ಮ ಕಾಂಪೌಂಡರ್‌ಗೂ ಗೊತ್ತಿರಲಿ. ಇನ್ನೊಂದು, ನಮ್ಮ ಕಡೆಯ ಎಷ್ಟೋ ಕುಟುಂಬಗಳ ಮಕ್ಕಳು ಗಲ್ಫಿನಲ್ಲಿದ್ದಾರೆ. ತಾಯಿ ಮಗನ ಮನೆಗೆ ದುಬೈಗೆ ಹೊರಟಾಗ ಮಂಡಿನೋವಿನ ಆ ಬಾಟಲಿಯೂ ಬ್ಯಾಗಿಗೆ ಸೇರುತ್ತದೆ. ಅದನ್ನು ಒಯ್ಯಬಾರದು ಎಂದು ಚೀಟಿಯ ಮೇಲೇ ಕೆಂಪು ಶಾಯಿಯಲ್ಲಿ ಬರೆದುಕೊಡಿ.

ಪ್ರಶ್ನೆ: ಮಡಗಾಂವಿನಲ್ಲಿ ನನ್ನ ಕೆಫೆ ಇದೆ. ಹೆಂಪ್ (ಗಾಂಜಾ ಗಿಡದ) ಬೀಜದ ಲಾಡು, ಚಿಕ್ಕಿ ಮಾರಬೇಕೆಂದಿದ್ದೇನೆ. ‘ಗಾಂಜಾ ಲಾಡು’ ಎಂದು ಬೋರ್ಡ್ ಹಾಕಿದರೆ ಟೂರಿಸ್ಟರು ಬರುತ್ತಾರೆ. ಗೋವಾದಲ್ಲಿ ಗಾಂಜಾ ಕಾನೂನುಬದ್ಧ ಆಗುತ್ತದಂತೆ, ಹೌದೇ?
— ಗೋವಾದ ಓದುಗರು

ಉತ್ತರ: ಲಾಡು ಮಾರಿ. ಆ ಬೋರ್ಡ್ ಬೇಡ. ಅಮಲು ಬರುತ್ತದೆ ಎಂಬ ಸೂಚನೆ ಇಂಥ ಆಹಾರದ ಲೇಬಲಿನಲ್ಲಿ, ಜಾಹೀರಾತಿನಲ್ಲಿ ಇರಬಾರದು ಎಂದು ಎಫ್‌ಎಸ್‌ಎಸ್‌ಎಐ ನಿಯಮ. ಅಮಲು ಹುಡುಕಿ ಬಂದವನಿಗೆ ಬೀಜದ ಲಾಡು ಕೊಟ್ಟರೆ ಅವನಿಗೂ ಮೋಸ. ಆಮೇಲೆ ‘ಬೇರೆ ಮಾಲು ಇದೆಯಾ’ ಎಂದು ಅವನು ನಿಮ್ಮ ಹುಡುಗರನ್ನೇ ಕೇಳುತ್ತಾನೆ. ತೊಂದರೆ ಅಲ್ಲಿಂದ ಶುರು.

2020ರ ಕೊನೆಗೆ ಔಷಧಿಗಾಗಿ ಗಿಡ ಬೆಳೆಸುವ ಪ್ರಸ್ತಾವಕ್ಕೆ ಗೋವಾದ ಕಾನೂನು ಇಲಾಖೆ ಒಪ್ಪಿಗೆ ಕೊಟ್ಟದ್ದು ನಿಜ. ವಿರೋಧ ಬಂದು ಅದು ಅಲ್ಲಿಗೇ ನಿಂತಿತು. ಅದರಲ್ಲಿದ್ದದ್ದೂ ಬೇಸಾಯದ ಮಾತು, ಕೆಫೆಯಲ್ಲಿ ಮಾರುವ ಮಾತು ಇರಲಿಲ್ಲ. ಅದನ್ನು ನಂಬಿ ಸಾಲ ಮಾಡಬೇಡಿ.

ಬೀಜವನ್ನು ಸ್ವಲ್ಪ ಸ್ವಲ್ಪವೇ ತರಿಸಿ. ಎಣ್ಣೆ ಅಂಶ ಜಾಸ್ತಿ, ಗೋವಾದ ಮಳೆಗಾಲದ ಹವೆಗೆ ಬೇಗ ಕಮಟು ಹಿಡಿಯುತ್ತದೆ. ಫ್ರಿಜ್ಜಿನಲ್ಲಿಡಿ, ಬೇಕಾದಷ್ಟೇ ಹುರಿಯಿರಿ. ಲ್ಯಾಬ್ ವರದಿಯ ನಕಲು ಗಲ್ಲಾದ ಡ್ರಾಯರಿನಲ್ಲಿರಲಿ. ಇನ್‌ಸ್ಪೆಕ್ಟರ್ ಬಂದಾಗ ನೀವು ಅಂಗಡಿಯಲ್ಲಿ ಇಲ್ಲದಿದ್ದರೂ ಕೌಂಟರಿನ ಹುಡುಗ ಅದನ್ನು ತೆಗೆದು ತೋರಿಸುವಂತಿರಬೇಕು.