ಬೆಲ್ಟ್ ಕಚ್ಚುವುದಿಲ್ಲ, ಡೀಲರ್ ಒಪ್ಪುವುದಿಲ್ಲ

ಒಂದೂವರೆ ವರ್ಷದ ಕಾರು. ಚಾಲಕನ ಸೀಟ್ ಬೆಲ್ಟ್ ಒಮ್ಮೊಮ್ಮೆ ಎಳೆದರೂ ಬರುವುದಿಲ್ಲ, ಒಮ್ಮೊಮ್ಮೆ ಬಕಲ್‌ನಲ್ಲಿ ನಿಲ್ಲುವುದಿಲ್ಲ. ಶಿವಮೊಗ್ಗದ ಡೀಲರ್ ಮೂರು ಸಲ ‘ಎಲ್ಲ ಸರಿಯಿದೆ’ ಎಂದು ಕಳುಹಿಸಿ, ನಾಲ್ಕನೆಯ ಸಲ ‘ದುಡ್ಡು ಕೊಟ್ಟರೆ ಹೊಸದು ಹಾಕುತ್ತೇವೆ’ ಎಂದಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ದುಡ್ಡು ಕೊಡಬೇಡಿ. ಸದ್ಯಕ್ಕೆ ಆ ಕಾರನ್ನೂ ಓಡಿಸಬೇಡಿ. ಉಳಿದದ್ದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ, ಏಕೆಂದರೆ ನೀವು ಈಗ ಮಾಡುತ್ತಿರಬಹುದಾದ ತಪ್ಪನ್ನು ನಾನು ಆಗಲೇ ಮಾಡಿ ಮುಗಿಸಿದ್ದೇನೆ.

ನನ್ನ ಮನೆ ಮೇಗರವಳ್ಳಿಯ ಹತ್ತಿರ. ಮಲೆನಾಡಿನ ಒಂಟಿ ಮನೆ ಎಂದ ಮೇಲೆ ಅಂಗಳಕ್ಕೆ ಬರುವ ದಾರಿ ಸಮತಟ್ಟಾಗಿರುವುದುಂಟೇ? ಕಾರನ್ನು ಆ ಇಳಿಜಾರಿನಲ್ಲೇ, ಮೂತಿ ಕೆಳಗಾಗಿ ನಿಲ್ಲಿಸುತ್ತಿದ್ದೆ. ಬೆಳಿಗ್ಗೆ ಕುಳಿತು ಬೆಲ್ಟ್ ಎಳೆದರೆ ಗೂಟಕ್ಕೆ ಕಟ್ಟಿದ ಹಗ್ಗದ ಹಾಗೆ ಬಿಗಿದು ನಿಲ್ಲುತ್ತಿತ್ತು. ಇದೇ ದೂರು ಹೊತ್ತುಕೊಂಡು ಶಿವಮೊಗ್ಗಕ್ಕೆ ಹೋದೆ. ಸರ್ವಿಸ್ ಸೆಂಟರಿನ ನುಣುಪು ನೆಲದ ಮೇಲೆ ಅದೇ ಬೆಲ್ಟ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಸರ್ವಿಸ್ ಅಡ್ವೈಸರ್ ಹುಡುಗ ನಕ್ಕ.

ಆ ದಿನದ ಮಟ್ಟಿಗೆ ಅವನು ನಕ್ಕದ್ದು ಸರಿಯೇ. ಬೆಲ್ಟ್ ಸುತ್ತಿಕೊಳ್ಳುವ ಪೆಟ್ಟಿಗೆ, ಅಂದರೆ ರಿಟ್ರ್ಯಾಕ್ಟರ್, ಬಾಗಿಲ ಪಕ್ಕದ ಕಂಬದ ಒಳಗಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಬಟ್ಟಲು, ಬಟ್ಟಲಿನಲ್ಲಿ ಒಂದು ಗುಂಡು. ಜೋರಾಗಿ ಬ್ರೇಕ್ ಹಾಕಿದರೆ ಗುಂಡು ಉರುಳಿ ಒಂದು ಸಣ್ಣ ಸನ್ನೆಗೋಲನ್ನು ಎತ್ತುತ್ತದೆ, ಸನ್ನೆಗೋಲು ಹಲ್ಲುಚಕ್ರಕ್ಕೆ ಸಿಕ್ಕಿ ಬೆಲ್ಟ್ ನಿಲ್ಲುತ್ತದೆ. ಕಾರು ಸುಮ್ಮನೆ ಓರೆಯಾಗಿ ನಿಂತಿದ್ದರೂ ಗುಂಡು ಉರುಳುತ್ತದೆ. ಅಪಘಾತಕ್ಕೂ ನಮ್ಮ ಅಂಗಳಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿಶ್ವಸಂಸ್ಥೆಯ 16ನೆಯ ವಾಹನ ನಿಯಮದ ಪ್ರಕಾರ ಸಾಮಾನ್ಯ ಕಾರುಗಳ ರಿಟ್ರ್ಯಾಕ್ಟರ್ 12 ಡಿಗ್ರಿ ಓರೆಯವರೆಗೆ ಬಿಗಿಯಬಾರದು, 27 ಡಿಗ್ರಿ ದಾಟಿದರೆ ಬಿಗಿಯಲೇಬೇಕು. ನನ್ನ ಅಂಗಳದ ದಾರಿ ಇವೆರಡರ ನಡುವೆ ಎಲ್ಲೋ ಇರಬೇಕು. ಇದಲ್ಲದೆ, ಕಾರು ಎಷ್ಟೇ ಸಮನಾಗಿ ನಿಂತಿದ್ದರೂ ಪಟ್ಟಿಯನ್ನು ಸರಕ್ಕನೆ ಎಳೆದರೆ ಹಿಡಿದು ನಿಲ್ಲಿಸುವ ಇನ್ನೊಂದು ಏರ್ಪಾಡೂ ಅದೇ ಪೆಟ್ಟಿಗೆಯಲ್ಲಿದೆ.

ಈ ಪಾಠ ನನಗೆ ದುಬಾರಿಯಾಯಿತು. ನಿಜವಾದ ದೋಷ ಬಂದಾಗ ಆ ಹುಡುಗನ ಕಣ್ಣಿನಲ್ಲಿ ನಾನು ಆಗಲೇ ಕಿರಿಕಿರಿಯ ಗಿರಾಕಿಯಾಗಿದ್ದೆ.

ನಿಜವಾದ ದೋಷ ಕಾಣಿಸಿಕೊಂಡದ್ದು ಆಗುಂಬೆ ಘಾಟಿಯಲ್ಲಿ. ಹದಿನಾಲ್ಕು ತಿರುವುಗಳಲ್ಲಿ ಆರನೆಯದೋ ಏಳನೆಯದೋ ಇಳಿಯುತ್ತಿದ್ದೆ. ಸೊಂಟದ ಪಕ್ಕದಲ್ಲಿ ‘ಟಿಕ್’ ಎಂದಿತು. ಬೆಲ್ಟ್ ಭುಜದಿಂದ ಸರಸರನೆ ಸರಿದು ಕಂಬದೊಳಗೆ ಸೇರಿಕೊಂಡಿತು, ಎದುರಿಗೆ ಕೆಂಪು ದೀಪ ಹತ್ತಿಕೊಂಡು ಕೂಗತೊಡಗಿತು. ಎದುರಿನಿಂದ ಬಸ್ಸು ಹತ್ತುತ್ತಿತ್ತು, ನಿಲ್ಲಿಸಲು ಜಾಗವಿರಲಿಲ್ಲ. ಸೋಮೇಶ್ವರಕ್ಕೆ ಇಳಿದು ಕಾರು ನಿಲ್ಲಿಸಿದ ಮೇಲೆ ಕೈ ನಡುಗುತ್ತಿರುವುದು ಗೊತ್ತಾಯಿತು.

ಮತ್ತೆ ಶಿವಮೊಗ್ಗ. ‘ಅಡಿಕೆ ಚೂರು ಬಿದ್ದಿರಬೇಕು ಸಾರ್, ನಿಮ್ಮ ಕಡೆಯ ಗಾಡಿಗಳಲ್ಲಿ ಅದೇ ಗೋಳು’ ಎಂದ ಅದೇ ಹುಡುಗ. ನಾನು ಅಡಿಕೆ ಬೆಳೆಯುತ್ತೇನೆಯೇ ಹೊರತು ಜಗಿಯುವುದಿಲ್ಲ. ಬಕಲ್‌ಗೆ ಗಾಳಿ ಊದಿ, ಎರಡು ಸಲ ಹಾಕಿ ತೆಗೆದು, ಸರಿಯಿದೆ ಎಂದು ಬರೆದ. ದೀಪ ಕೂಗುವುದು ಬೇಸರವಾದರೆ ಎಂದು ಮೇಜಿನ ಒಳಗಿನಿಂದ ಒಂದು ಕ್ಲಿಪ್ ತೆಗೆದು ಕೊಟ್ಟ. ಬೆಲ್ಟ್ ಇಲ್ಲದೆಯೇ ಬಕಲ್‌ಗೆ ಸಿಕ್ಕಿಸಿ ಕಾರಿನ ಬಾಯಿ ಮುಚ್ಚಿಸುವ ಲೋಹದ ತುಂಡು ಅದು. ಬೆಲ್ಟಿನ ನಾಲಿಗೆ, ಅಂದರೆ ಬಕಲ್‌ಗೆ ಸೇರುವ ಲೋಹದ ತುದಿ, ಕಚ್ಚುವುದಿಲ್ಲ ಎಂದು ಬಂದವನಿಗೆ ಕಚ್ಚಿದಂತೆ ನಟಿಸುವ ಚೂರನ್ನು ಕೊಡುವ ಧೈರ್ಯ ನೋಡಿ! ಮುಂದಿನ ಎರಡು ಸೀಟುಗಳಿಗೆ ಈ ಎಚ್ಚರಿಕೆಯ ಸದ್ದು 2019ರ ಜುಲೈ 1ರಿಂದ ಕಡ್ಡಾಯ. ಇಂಥ ಕ್ಲಿಪ್‌ಗಳ ಮಾರಾಟ ನಿಲ್ಲಿಸುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶಿಸಿ, ಹದಿಮೂರು ಸಾವಿರಕ್ಕೂ ಹೆಚ್ಚು ಮಾರಾಟದ ಪಟ್ಟಿಗಳನ್ನು ತೆಗೆಸಿತ್ತು.

ಅಲ್ಲಿಂದ ನಾನು ಜಗಳ ಬಿಟ್ಟು ಬರವಣಿಗೆ ಹಿಡಿದೆ. ನೀವೂ ಹಿಡಿಯಬೇಕಾದದ್ದು ಅದನ್ನೇ.

ಮೊದಲು ನಿಮ್ಮ ಎರಡು ದೂರುಗಳನ್ನು ಬೇರೆ ಮಾಡಿ. ಕಾರನ್ನು ಸಮತಟ್ಟಾದ ಜಾಗಕ್ಕೆ ತನ್ನಿ. ಊರಿನ ಶಾಲೆಯ ಮೈದಾನವಾದರೂ ಸರಿ. ಬೆಲ್ಟನ್ನು ನಿಧಾನವಾಗಿ ಎಳೆಯಿರಿ. ಅಲ್ಲಿ ಸಲೀಸಾಗಿ ಬಂದರೆ ‘ಎಳೆದರೂ ಬರುವುದಿಲ್ಲ’ ಎಂಬ ಮಾತನ್ನು ಡೀಲರ್ ಮುಂದೆ ಎತ್ತಲೇಬೇಡಿ, ಅದು ನಿಮ್ಮ ಅಂಗಳದ ದೋಷ. ಸಮತಟ್ಟಿನಲ್ಲೂ ಬಿಗಿದುಕೊಂಡರೆ ಅದು ರಿಟ್ರ್ಯಾಕ್ಟರಿನ ದೋಷ. ಆಮೇಲೆ ಸರಕ್ಕನೆ ಎಳೆಯಿರಿ. ಹಿಡಿಯದಿದ್ದರೆ ಅದು ಎಲ್ಲಕ್ಕಿಂತ ದೊಡ್ಡ ದೋಷ. ಪಟ್ಟಿ ಸೋಮಾರಿಯಾಗಿ ಒಳಗೆ ಹೋಗುತ್ತಿದ್ದರೆ ಮಾತ್ರ, ಮಳೆಗಾಲದ ಬೂಷ್ಟು, ಕೆಮ್ಮಣ್ಣಿನ ಧೂಳು ಭುಜದ ಮೇಲಿನ ಕೊಂಡಿಯಲ್ಲಿ ಅಂಟಿದೆಯೇ ನೋಡಿ. ಸೌಮ್ಯ ಸಾಬೂನಿನ ನೀರಿನಲ್ಲಿ ಒರೆಸಿ, ಪಟ್ಟಿಯನ್ನು ಪೂರ್ತಿ ಹೊರಗೆಳೆದು ನೆರಳಿನಲ್ಲಿ ಒಣಗಿಸಿದರೆ ಸಾಕಾಗಬಹುದು. ಬ್ಲೀಚ್, ಪೆಟ್ರೋಲ್, ಎಣ್ಣೆ ಬೇಡ. ಕಂಬದ ಮುಚ್ಚಳ ತೆಗೆಯುವ ಸಾಹಸವಂತೂ ಬೇಡವೇ ಬೇಡ. ಬಹಳಷ್ಟು ಕಾರುಗಳಲ್ಲಿ ಡಿಕ್ಕಿಯಾದ ಕ್ಷಣ ಬೆಲ್ಟನ್ನು ಬಿಗಿಗೊಳಿಸಲು ಸಣ್ಣ ಸಿಡಿಮದ್ದಿನ ಪ್ರಿಟೆನ್ಷನರ್ ಅಲ್ಲಿರುತ್ತದೆ.

ಬಕಲ್ ಪರೀಕ್ಷೆಗೆ ನಾನು ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿ ಮೊಬೈಲ್ ಕೊಟ್ಟೆ. ಇಗ್ನಿಷನ್ ಆನ್, ಎಚ್ಚರಿಕೆಯ ದೀಪ ಚಿತ್ರದಲ್ಲಿ ಕಾಣಬೇಕು. ಇಪ್ಪತ್ತು ಸಲ ‘ಟಿಕ್’ ಎನ್ನುವವರೆಗೆ ಒತ್ತಿ, ಕೆಂಪು ಗುಂಡಿ ಮುಟ್ಟದೆ ಎಳೆದೆ. ನಾಲ್ಕು ಸಲ ಬಿಚ್ಚಿಕೊಂಡಿತು. ಎರಡು ಸಲ ಹಾಕಿ ತೆಗೆದು ‘ಸರಿಯಿದೆ’ ಎನ್ನುವವನಿಗೆ ಈ ದೋಷ ಕಾಣದಿರುವುದು ಆಶ್ಚರ್ಯವಲ್ಲ.

ಇನ್ನು ಜಾಬ್ ಕಾರ್ಡ್, ಅಂದರೆ ಕಾರು ಒಪ್ಪಿಸುವಾಗ ನಿಮ್ಮ ದೂರನ್ನು ಸರ್ವಿಸ್ ಸೆಂಟರಿನವರು ಬರೆದುಕೊಳ್ಳುವ ಚೀಟಿ. ನಿಮ್ಮ ಮೊದಲ ಮೂರೂ ಭೇಟಿಗಳ ಕಾರ್ಡ್ ತೆಗೆದು ನೋಡಿ, ಪಂದ್ಯ ಕಟ್ಟುತ್ತೇನೆ, ಬರೆದಿರುವುದು ‘ಸೀಟ್ ಬೆಲ್ಟ್ ಚೆಕ್’ ಎಂದಷ್ಟೇ. ಚೆಕ್ ಮಾಡಿದರು, ಮುಗಿಯಿತು. ನನ್ನ ಮುಂದಿನ ಕಾರ್ಡಿನಲ್ಲಿ ನಾನೇ ಹೇಳಿ ಬರೆಸಿದ್ದು ಹೀಗೆ: ‘ಸಮತಟ್ಟಾದ ಜಾಗದಲ್ಲಿ ಚಾಲಕನ ಬಕಲ್‌ಗೆ ನಾಲಿಗೆ ಪೂರ್ತಿ ಸೇರಿದ ಮೇಲೂ, ಗುಂಡಿ ಒತ್ತದೆ ಎಳೆದರೆ 20ರಲ್ಲಿ 4 ಸಲ ಬಿಚ್ಚಿಕೊಳ್ಳುತ್ತದೆ. ಘಾಟಿಯಲ್ಲಿ ಓಡಿಸುವಾಗ ಒಮ್ಮೆ ಬಿಚ್ಚಿಕೊಂಡಿದೆ. ವಿಡಿಯೊ ಇದೆ.’ ಹುಡುಗ ಇಷ್ಟುದ್ದ ಬರೆಯಲು ಕಂಪ್ಯೂಟರಿನಲ್ಲಿ ಜಾಗವಿಲ್ಲ ಎಂದ. ಹಾಗಾದರೆ ಸಹಿ ಹಾಕುವುದಿಲ್ಲ ಎಂದೆ. ಜಾಗ ಹುಟ್ಟಿಕೊಂಡಿತು. ನಿಮ್ಮಲ್ಲಿ ಹುಟ್ಟದಿದ್ದರೆ ಅಲ್ಲೇ ನಿಂತು ಅದೇ ವಾಕ್ಯಗಳನ್ನು ಡೀಲರಿಗೆ ಇಮೇಲ್ ಮಾಡಿ.

ಅದೇ ಸಂಜೆ ಕಾರು ತಯಾರಿಸಿದ ಕಂಪನಿಗೆ ಬರೆದೆ: ಹದಿನೇಳು ಅಕ್ಷರಗಳ ಚಾಸಿ ಸಂಖ್ಯೆ, ಕಿಲೋಮೀಟರ್, ಮೂರು ಜಾಬ್ ಕಾರ್ಡುಗಳು, ವಿಡಿಯೊ. ಡೀಲರ್ ಮಾರುವವನು, ವಾರಂಟಿ ಕೊಟ್ಟವನು ತಯಾರಕ. ಈ ವ್ಯತ್ಯಾಸವನ್ನು ನಾವು ಮರೆತಿರುತ್ತೇವೆ. ‘ಬೆಲ್ಟ್ ವಾರಂಟಿಗೆ ಬರುವುದಿಲ್ಲ’ ಎಂದಿದ್ದರೆ ವಾರಂಟಿ ಪುಸ್ತಕದ ಯಾವ ಸಾಲಿನಲ್ಲಿ ಹಾಗಿದೆ ಎಂದು ಬರಹದಲ್ಲಿ ಕೇಳಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿದೆ. ಹತ್ತು ದಿನಗಳಲ್ಲಿ ಕಂಪನಿಯ ಎಂಜಿನಿಯರ್ ಬಂದರು. ಎಂಟನೆಯ ಸಲ ಅವರ ಕೈಯಲ್ಲೇ ಬಿಚ್ಚಿಕೊಂಡಿತು. ಅವರು ಮಾತಾಡಲಿಲ್ಲ, ಒಂಬತ್ತನೆಯ ಸಲ ಪ್ರಯತ್ನಿಸಲೂ ಇಲ್ಲ. ಮುಂದಿನ ವಾರ ಹೊಸ ಬಕಲ್ ಬಂತು, ನಯಾಪೈಸೆ ಇಲ್ಲದೆ. ಅಲ್ಲಿಯವರೆಗೆ ನಾನು ಬಸ್ಸಿನಲ್ಲೇ ಓಡಾಡಿದೆ. ಬೆಲ್ಟ್ ಕೆಟ್ಟಿದೆ ಎಂಬ ಕಾರಣಕ್ಕೆ 1000 ರೂಪಾಯಿಯ ದಂಡವೂ ಬಿಡುವುದಿಲ್ಲ, ತಿರುವೂ ಬಿಡುವುದಿಲ್ಲ.

ಚಾಸಿ ಸಂಖ್ಯೆ ಹಾಕಿ ಕಂಪನಿಯ ಜಾಲತಾಣದಲ್ಲಿ ರಿಕಾಲ್ ಇದೆಯೇ, ಅಂದರೆ ದೋಷ ಸರಿಪಡಿಸಲು ಕಂಪನಿಯೇ ನಿಮ್ಮಂಥ ಕಾರುಗಳನ್ನು ಹಿಂದಕ್ಕೆ ಕರೆದಿದೆಯೇ ಎಂದೂ ನೋಡಿಬಿಡಿ. ಬೆಲ್ಟಿಗೆ ರಿಕಾಲ್ ಅಪರೂಪವೇನಲ್ಲ: ಮುಂದಿನ ಬೆಲ್ಟಿನ ಭುಜದ ಎತ್ತರ ಹೊಂದಿಸುವ ಭಾಗದಲ್ಲಿ ದೋಷವಿರಬಹುದೆಂದು ಮಾರುತಿ ಸುಝುಕಿ 2022ರ ಡಿಸೆಂಬರ್‌ನಲ್ಲಿ 9,125 ಕಾರುಗಳನ್ನು ತಾನಾಗಿಯೇ ಹಿಂದಕ್ಕೆ ಕರೆದಿತ್ತು. ಏಳು ವರ್ಷಕ್ಕಿಂತ ಹಳೆಯದಲ್ಲದ ವಾಹನವಾದರೆ ಕೇಂದ್ರ ಸಾರಿಗೆ ಸಚಿವಾಲಯದ ರಿಕಾಲ್ ಪೋರ್ಟಲ್‌ನಲ್ಲಿ ನೀವೂ ದೂರು ದಾಖಲಿಸಬಹುದು. ನಿಮ್ಮ ಒಂದು ದೂರಿನಿಂದ ರಿಕಾಲ್ ಆಗುವುದಿಲ್ಲ, ಆದರೆ ಎಣಿಕೆಗೆ ಸೇರುತ್ತದೆ.

ಇಷ್ಟಾದರೂ ಕದಲದಿದ್ದರೆ ಶಿವಮೊಗ್ಗದಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ, ಆದರೆ ಅರ್ಜಿ ಬರೆದಿಟ್ಟುಕೊಂಡಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ, ಗಡುವು ಎರಡು ವರ್ಷ. ಐದರಿಂದ ಹತ್ತು ಲಕ್ಷದ ಒಳಗಿನ ಕಾರಿಗೆ ಶುಲ್ಕ 200 ರೂಪಾಯಿ. ಶಿವಮೊಗ್ಗಕ್ಕೆ ಹೋಗಿ ಬರುವ ಪೆಟ್ರೋಲಿಗೆ ಅದಕ್ಕಿಂತ ಹೆಚ್ಚು ಸುರಿದಿದ್ದೀರಿ. ತೀರಾ ಅನಿವಾರ್ಯವಾಗಿ ದುಡ್ಡು ಕೊಟ್ಟೇ ಬದಲಿಸಬೇಕಾಗಿ ಬಂದರೆ, ಆಕ್ಷೇಪವಿಟ್ಟು ಪಾವತಿಸಿದ್ದೇನೆ ಎಂದು ಬಿಲ್ಲಿನ ಮೇಲೆ ಬರೆದು, ಹಳೆಯ ಭಾಗವನ್ನು ಕೇಳಿ ಮನೆಗೆ ತನ್ನಿ.

ಆ ಕ್ಲಿಪ್ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಕಂಪನಿಗೆ ಕಳುಹಿಸಿದ ಫೋಟೊಗಳಲ್ಲಿ ಅದೂ ಇತ್ತು. ಮೈದಾನದಲ್ಲಿ ಪರೀಕ್ಷೆ ಮಾಡಿದ ಮೇಲೆ ಏನಾಯಿತೆಂದು ಇಲ್ಲೇ ಬರೆಯಿರಿ. ವಾರಂಟಿ ಮುಗಿಯುವ ತಾರೀಖನ್ನೂ ತಿಳಿಸಿ.